ಶೆಟ್ಟಿಹಳ್ಳಿಯ ಮನೆಪಟ್ಟಿ

ಬಲ್ಲಾಳರಾಯನದುರ್ಗದ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರದ ಮಲೆನಾಡನ್ನು ಹಾದು, ಗೊರೂರಿನತ್ತ ಇಳಿದುಬರುವ ಹೇಮಾವತಿಗೆ ಅಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, ಸುಮಾರು 37 ಟಿಎಂಸಿ ಅಡಿ ನೀರನ್ನು ಹಿಡಿಯಬಲ್ಲ ಜಲಾಶಯವೊಂದು ನಿರ್ಮಾಣವಾದಾಗ, ಹಿನ್ನೀರಿನ ಪ್ರದೇಶದಲ್ಲಿದ್ದ ಅನೇಕ ಹಳ್ಳಿಗಳ ಜನಜೀವನವು ಬುಡಸಮೇತ ಕದಲಿತು. ಅವುಗಳಲ್ಲಿ ನಮ್ಮ ಶೆಟ್ಟಿಹಳ್ಳಿಯೂ ಒಂದು. ಇಂದು ಆ ಹೆಸರನ್ನು ಕೇಳಿದವರ ಮನಸ್ಸಿಗೆ ಮೊದಲು ಬರುವುದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಬುಡದವರೆಗೂ ತೆರೆದುಕೊಳ್ಳುವ, ಮಾಡಿಲ್ಲದ ರೋಸರಿ ದೇವಾಲಯ. ಅದನ್ನು ನೋಡಲೆಂದು ದೂರದೂರಿಂದ ಬರುವವರು ಅನೇಕರು. ಅದರ ಚಿತ್ರವನ್ನು ತೆಗೆದುಕೊಂಡು ಹೋಗುವವರು ಇನ್ನೂ ಅನೇಕರು. ಆದರೆ ಆ ಕಮಾನುಗಳ ಕೆಳಗೆ ಮದುವೆಯಾದವರು, ಆ ತೊಟ್ಟಿಯ ಬಳಿ ಜ್ಞಾನಸ್ನಾನ ಪಡೆದವರು, ಆ ಸುತ್ತಿನ ಗದ್ದೆಗಳನ್ನು ಉತ್ತವರು ಎಲ್ಲಿಗೆ ಹೋದರು, ಅವರ ಮಕ್ಕಳು ಮೊಮ್ಮಕ್ಕಳು ಯಾವ ಯಾವ ಊರುಗಳಲ್ಲಿ ನೆಲೆನಿಂತರು ಎಂದು ವಿಚಾರಿಸಿದವರು ವಿರಳ. ಆ ವಿಚಾರವನ್ನು ಬರಹಕ್ಕೆ ಇಳಿಸುವ ಕೆಲಸದಲ್ಲಿ ನಾನು ಕೆಲವು ವರ್ಷಗಳನ್ನು ಕಳೆದೆನು. ಆ ವರ್ಷಗಳಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದ್ಯೋಗನಿಮಿತ್ತವಾಗಿ ಬೆಂಗಳೂರಿನಲ್ಲಿ ನೆಲಸಿ, ಕಚೇರಿಯ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಅಳವಡಿಸುವ ಕೆಲಸವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿದ್ದ ನನ್ನನ್ನು, ಹಬ್ಬಕ್ಕೆಂದು ಸೇರಿದ ಊರಿನ ಹಿರಿಯರು ಒಂದು ಸಂಜೆ ಕರೆದು ಕೂರಿಸಿಕೊಂಡು, "ನಾವಿರೋವಾಗ್ಲೇ ಒಂದು ಮನೆಪಟ್ಟಿ ಮಾಡ್ಬಿಡಪ್ಪ, ನಾವು ಹೋದ್ಮೇಲೆ ಯಾರ್ ಯಾರಿಗೆ ಏನಾಗ್ಬೇಕು ಅಂತ ಹೇಳೋರೂ ಇರಲ್ಲ" ಎಂದರು. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಹಳೆಯ ಊರಿನ ಓಣಿಗಳನ್ನು ಕಣ್ಣಾರೆ ಕಂಡು, ಯಾವ ಮನೆಯ ಪಕ್ಕದಲ್ಲಿ ಯಾವ ಮನೆಯಿತ್ತೆಂಬುದನ್ನು ತಡವರಿಸದೆ ಹೇಳಬಲ್ಲವರು ಅಂದಿಗಾಗಲೇ ಕೆಲವೇ ಮಂದಿ ಉಳಿದಿದ್ದರು.

ಕೆಲಸದ ರೀತಿಯನ್ನು ಕುರಿತು ಯೋಚಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಹೇಳಬೇಕಾದವರು ಒಂದೇ ಕಡೆ ಇರಲಿಲ್ಲ. ಹಾಸನದಲ್ಲಿ ಕೆಲವರು, ಅರಕಲಗೂಡು ಹೊಳೆನರಸೀಪುರ ಚನ್ನರಾಯಪಟ್ಟಣದ ಕಡೆ ಕೆಲವರು, ಮೈಸೂರು ಬೆಂಗಳೂರುಗಳಲ್ಲಿ ಬಹಳ ಮಂದಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು, ಅಮೆರಿಕೆಯಲ್ಲಿ ಬೀಡುಬಿಟ್ಟವರು. ಹೀಗೆ ಒಂದು ಸಣ್ಣ ಊರಿನ ಸಂತತಿಯು ಭೂಗೋಳದ ಮೇಲೆ ಚದುರಿತ್ತು. ಇವರೆಲ್ಲರಲ್ಲಿಗೂ ಹೋಗಿ ಕೇಳುವುದು ಯಾರಿಂದಲೂ ಆಗದ ಮಾತು. ಇಮೇಲ್ ಒಂದೇ ದಾರಿ. ಆ ಕಾಲದಲ್ಲಿ ಹೊಸದಾಗಿ ಬಂದಿದ್ದ ಅಕ್ಸೆಸ್ 2007 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಸೌಲಭ್ಯವಿದ್ದಿತು. ನಮ್ಮ ಕೋಷ್ಟಕದ ಅಂಕಣಗಳನ್ನೇ ನಮೂನೆಯ ರೂಪದಲ್ಲಿ ಇಮೇಲಿನೊಳಗೆ ಕೂಡಿಸಿ ಔಟ್‌ಲುಕ್ ಮುಖಾಂತರ ಕಳುಹಿಸಿದರೆ, ಪಡೆದವರು ಉತ್ತರಿಸುವ ಗುಂಡಿಯನ್ನೊತ್ತಿ, ಖಾಲಿ ಚೌಕಗಳನ್ನು ತುಂಬಿ, ಹಿಂದಕ್ಕೆ ಕಳುಹಿಸುವರು. ಬಂದ ಉತ್ತರಗಳು ಔಟ್‌ಲುಕ್‌ನ ಪ್ರತ್ಯೇಕ ಫೋಲ್ಡರಿನಲ್ಲಿ ಕೂಡಿಕೊಂಡು, ನಾವು ಬಯಸಿದರೆ ತಮ್ಮಷ್ಟಕ್ಕೆ ತಾವೇ ಕೋಷ್ಟಕದಲ್ಲಿ ಒಂದೊಂದು ಸಾಲಾಗಿ ನೆಲಸುವುವು. ಮೊದಲ ಉತ್ತರವು ಹೀಗೆ ಮನುಷ್ಯಹಸ್ತದ ಸ್ಪರ್ಶವಿಲ್ಲದೆ ತನ್ನ ಸ್ಥಾನವನ್ನು ತಾನೇ ಹುಡುಕಿಕೊಂಡು ಬಂದು ಕುಳಿತದ್ದನ್ನು ಕಂಡಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಆದರೆ ಆ ಏರ್ಪಾಡು ನಡೆಯಬೇಕಾದರೆ ನಮೂನೆಯು ತನ್ನ ರೂಪವನ್ನು ಕೆಡಿಸಿಕೊಳ್ಳದೆ ಹಿಂದಿರುಗಬೇಕು. ಚೌಕದ ಹೊರಗೆ ಬರೆದರೆ, ಅಥವಾ ಓದುವವರ ಇಮೇಲ್ ವ್ಯವಸ್ಥೆಯು ಅದನ್ನು ಬರಿಯ ಅಕ್ಷರಗಳನ್ನಾಗಿ ಬದಲಿಸಿಬಿಟ್ಟರೆ, ಯಂತ್ರಕ್ಕೆ ಅದು ಅರ್ಥವಾಗದು. ನಮ್ಮ ಊರಿನವರಾದರೋ ಚೌಕದೊಳಗೆ ನಿಲ್ಲುವ ಜನರಲ್ಲ. ತಂದೆಯ ಹೆಸರು ಎಂಬ ಚೌಕವನ್ನು ಖಾಲಿ ಬಿಟ್ಟು, ಅದರ ಕೆಳಗೆ ತಂದೆಯ ಕತೆಯನ್ನೇ ಪುಟಗಟ್ಟಲೆ ಬರೆದವರುಂಟು. ನಮೂನೆಯನ್ನು ಹಾಗೆಯೇ ಬಿಟ್ಟು, "ಅಜ್ಜಿ ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ದೀನಿ ಅಣ್ಣ, ನೀವೇ ಎಲ್ಲಿ ಬೇಕೋ ಅಲ್ಲಿ ಹಾಕ್ಕೊಳ್ಳಿ" ಎಂದು ಬೇರೊಂದು ಪತ್ರವನ್ನು ಬರೆದವರುಂಟು. ಅಂಥ ಪತ್ರಗಳನ್ನು ನಾನೇ ಓದಿ, ಬಿಡಿಸಿ, ಬೆರಳಚ್ಚು ಮಾಡಿ ಸೇರಿಸಬೇಕಾಗುತ್ತಿತ್ತು. ಆ ಶ್ರಮ ನನಗೆ ಎಂದೂ ಭಾರವೆನಿಸಲಿಲ್ಲ. ಏಕೆಂದರೆ ಪಟ್ಟಿಯಲ್ಲಿ ಇಂದು ಅತ್ಯಂತ ಮೌಲ್ಯವುಳ್ಳ ವಿವರಗಳೆಲ್ಲವೂ ಬಂದದ್ದು ಆ ಪತ್ರಗಳಿಂದಲೇ. ಮನೆಯ ಮುಂದೆ ಇದ್ದ ಹುಣಸೆಮರ, ಮಳೆಗಾಲದಲ್ಲಿ ಹೊಳೆ ದಾಟಿಸುತ್ತಿದ್ದ ಹರಿಗೋಲಿನವನ ಮನೆತನ, ಎತ್ತಿನಗಾಡಿಯಲ್ಲಿ ಸಾಮಾನು ಹೇರಿ ಊರು ಬಿಟ್ಟ ದಿನ ಯಾರ ಗಾಡಿಯ ಹಿಂದೆ ಯಾರ ಗಾಡಿ ಹೋಯಿತೆಂಬ ಕ್ರಮ. ಇವಕ್ಕೆ ಚೌಕ ಮಾಡಬೇಕೆಂದು ಮೊದಲೇ ಯಾರಿಗೆ ತಾನೆ ಹೊಳೆದೀತು? ಆದಕಾರಣ 'ಹೇಳಿದ ಮಾತು' ಎಂಬ ಒಂದು ಅಂಕಣವನ್ನು ಬೇರೆಯಾಗಿ ಇಟ್ಟೆನು. ಅಕ್ಸೆಸ್‌ನ ಸಾಮಾನ್ಯ ಪಠ್ಯದ ಅಂಕಣವು 255 ಅಕ್ಷರಗಳಿಗಿಂತ ಹೆಚ್ಚನ್ನು ಹಿಡಿಯಲಾರದು. ಆದುದರಿಂದ ಅದನ್ನು ಮೆಮೋ ಎಂಬ ದೀರ್ಘ ಪಠ್ಯದ ಬಗೆಯದನ್ನಾಗಿ ಮಾಡಿದೆನು.

ಇಮೇಲಿಗಿಂತಲೂ ಹೆಚ್ಚಿನ ದತ್ತಾಂಶವು ಎಕ್ಸೆಲ್ ಹಾಳೆಗಳ ಮೂಲಕ ಬಂದಿತು. ಪ್ರತಿ ಕವಲಿನಲ್ಲಿಯೂ ಓದಿದ ಹುಡುಗನೊಬ್ಬನೋ ಹುಡುಗಿಯೊಬ್ಬಳೋ ಇದ್ದು, ತಮ್ಮ ಕುಟುಂಬದ ವಿವರಗಳನ್ನು ಅಚ್ಚುಕಟ್ಟಾಗಿ ಹಾಳೆಯಲ್ಲಿ ತುಂಬಿ ಲಗತ್ತಿಸಿ ಕಳುಹಿಸುತ್ತಿದ್ದರು. ಇಲ್ಲಿಯೇ ಈ ಬರಹದ ಮುಖ್ಯ ಸಂಗತಿಗೆ ಬರುತ್ತೇನೆ. ಎಕ್ಸೆಲ್‌ನ ಕಾಲಗಣನೆಯು 1900ನೆಯ ಇಸವಿಯ ಜನವರಿ 1ರಿಂದ ಆರಂಭವಾಗುತ್ತದೆ. ಆ ದಿನಕ್ಕೆ 1 ಎಂಬ ಸಂಖ್ಯೆ. ಅಲ್ಲಿಂದ ಮುಂದಕ್ಕೆ ದಿನಕ್ಕೊಂದರಂತೆ ಏರುತ್ತ ಹೋಗಿ, 1970ರ ಜನವರಿ 1ಕ್ಕೆ 25569, 2000ದ ಜನವರಿ 1ಕ್ಕೆ 36526 ಆಗುತ್ತದೆ. ನಾವು ಕಾಣುವ ತಾರೀಖು ಆ ಸಂಖ್ಯೆಯ ಮೇಲಿನ ಉಡುಪು ಮಾತ್ರ. 1900ಕ್ಕಿಂತ ಹಿಂದಿನ ದಿನಾಂಕವನ್ನು ಬರೆದರೆ ಅದು ದಿನಾಂಕವೆಂದು ಗ್ರಹಿಸಲ್ಪಡದೆ, ಬರಿಯ ಅಕ್ಷರಗಳಾಗಿ ಉಳಿಯುತ್ತದೆ. ಒಂದು ಮನೆತನದ ಐದು ತಲೆಮಾರುಗಳನ್ನು ಒಂದೇ ಅಂಕಣದಲ್ಲಿ ಬರೆದಾಗ, ಮುತ್ತಜ್ಜನ ಜನ್ಮದಿನ ಅಕ್ಷರ, ಮೊಮ್ಮಗನದು ಸಂಖ್ಯೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಒಳಗೆ ಎರಡೂ ಬೇರೆ ಬೇರೆ.

ಇಂಥ ಹಾಳೆಯನ್ನು ಅಕ್ಸೆಸ್‌ಗೆ ತರುವಾಗ ಅದು ಮೊದಲಿನ ಕೆಲವು ಸಾಲುಗಳನ್ನು ನೋಡಿ, ಈ ಅಂಕಣದಲ್ಲಿರುವುದು ಇಂಥ ಬಗೆಯ ದತ್ತಾಂಶವೆಂದು ಊಹಿಸಿ, ಉಳಿದುದೆಲ್ಲವನ್ನೂ ಆ ಊಹೆಗೆ ತಕ್ಕಂತೆ ಒಳಗೆ ಬಿಡುತ್ತದೆ. ಮೊಮ್ಮಕ್ಕಳಿಂದ ಆರಂಭವಾದ ಹಾಳೆಯಾದರೆ, ಅಂಕಣವು ದಿನಾಂಕವೆಂದು ತೀರ್ಮಾನವಾಗಿ, 1870ರಲ್ಲೋ 1885ರಲ್ಲೋ ಹುಟ್ಟಿದ ಹಿರಿಯರ ಜನ್ಮದಿನದ ಜಾಗ ಬರಿದಾಗುತ್ತದೆ. ಹಿರಿಯರಿಂದ ಆರಂಭವಾದ ಹಾಳೆಯಾದರೆ, ಅಂಕಣವು ಅಕ್ಷರವೆಂದು ತೀರ್ಮಾನವಾಗಿ, ಕಿರಿಯರ ಜನ್ಮದಿನದ ಜಾಗದಲ್ಲಿ 25569ರಂಥ ಐದಂಕಿಯೊಂದು ಕುಳಿತಿರುತ್ತದೆ. ಎರಡನೆಯದು ಎದ್ದು ಕಾಣುವುದರಿಂದ ತಿದ್ದಬಹುದು. ಮೊದಲನೆಯದು ಮೌನವಾಗಿ ನಡೆಯುತ್ತದೆ. ಹಾಗೆ ಒಳಬಾರದೆ ಹೋದವುಗಳ ವಿವರವನ್ನು ಅಕ್ಸೆಸ್ ಬೇರೊಂದು ಸಣ್ಣ ಕೋಷ್ಟಕದಲ್ಲಿ ಬರೆದಿಡುತ್ತದೆ. ಇಂಪೋರ್ಟ್ ಎರರ್ಸ್ ಎಂಬ ಆ ಕೋಷ್ಟಕದಲ್ಲಿ ಮೂರೇ ಅಂಕಣ: ಯಾವ ದೋಷ, ಯಾವ ಅಂಕಣದಲ್ಲಿ, ಯಾವ ಸಾಲಿನಲ್ಲಿ. ಅದನ್ನು ತೆರೆದು ನೋಡುವವರು ಕಡಿಮೆ. ಮುಖ್ಯ ಕೋಷ್ಟಕ ತುಂಬಿತೆಂದು ಸಮಾಧಾನಪಟ್ಟು ಅದನ್ನು ಅಳಿಸಿಬಿಡುವವರೇ ಹೆಚ್ಚು. ನಾನು ಆ ಕೋಷ್ಟಕವನ್ನು ತೆರೆದು, ಅದರ ಸಾಲುಸಂಖ್ಯೆಗಳನ್ನು ಹಿಡಿದು ಮೂಲ ಹಾಳೆಗೆ ಹೋಗಿ ನೋಡಿದರೆ, ಅಲ್ಲಿದ್ದವರು ಯಾರು? ಹೇಮಾವತಿಯ ದಂಡೆಯ ಮೇಲೆ ಆ ದೇವಾಲಯ ಹೊಸದಾಗಿದ್ದಾಗ ಅದರೊಳಗೆ ಜ್ಞಾನಸ್ನಾನ ಪಡೆದ ಮೊದಲ ತಲೆಮಾರಿನವರು. ಯಾರನ್ನು ಮರೆಯಬಾರದೆಂದು ಈ ಪಟ್ಟಿಯನ್ನು ಕೈಗೆತ್ತಿಕೊಂಡೆವೋ ಅವರೇ ಹೊರಗೆ ನಿಂತಿದ್ದರು.

ಅಂದಿನಿಂದ ಯಾವ ಹಾಳೆ ಬಂದರೂ ಒಳಗೆ ಬಂದ ಸಾಲುಗಳಿಗಿಂತ ಮೊದಲು ಬಾರದ ಸಾಲುಗಳನ್ನು ಓದುವುದು ನನ್ನ ನಿಯಮವಾಯಿತು. ಅದರ ಜೊತೆಗೆ ದಿನ, ತಿಂಗಳು, ವರ್ಷ ಎಂದು ಮೂರು ಅಂಕಣಗಳನ್ನು ಬೇರೆ ಬೇರೆಯಾಗಿ ಮಾಡಿ, ಕಳುಹಿಸುವವರೆಲ್ಲರಿಗೂ ಹಾಗೆಯೇ ತುಂಬಿರೆಂದು ಬರೆದೆನು. ಇದರಿಂದ ಮತ್ತೊಂದು ತೊಡಕೂ ನಿವಾರಣೆಯಾಯಿತು: ಅಮೆರಿಕೆಯಲ್ಲಿ ತಿಂಗಳನ್ನು ಮೊದಲು ಬರೆಯುವರು, ನಾವು ದಿನವನ್ನು ಮೊದಲು ಬರೆಯುವೆವು, 03/07 ಎಂದು ಬಂದರೆ ಅದು ಜುಲೈ 3ನೆಯ ದಿನವೋ ಮಾರ್ಚ್ 7ನೆಯ ದಿನವೋ ಹೇಳುವವರಾರು? ವರ್ಷ ಮಾತ್ರ ತಿಳಿದಿದ್ದರೆ ವರ್ಷದ ಅಂಕಣ ಮಾತ್ರ ತುಂಬಿದರೆ ಸಾಕು. ಅದೂ ತಿಳಿಯದಿದ್ದರೆ ಹಿರಿಯರು ಹೇಳಿದ್ದನ್ನೇ ಬರೆಯಬಹುದು. "ಅಜ್ಜಿ ಹುಟ್ಟಿದ್ದು ಪ್ಲೇಗು ಬಂದ ವರ್ಷ" ಎಂದು ಒಂದು ಮನೆಯವರು ಬರೆದಿದ್ದರು. ಬೆಂಗಳೂರಿಗೆ ಪ್ಲೇಗು ತಲುಪಿದ್ದು 1898ರಲ್ಲಿ. ಆದರೆ ಒಂದು ಹಳ್ಳಿಯ ನೆನಪಿನಲ್ಲಿ ಪ್ಲೇಗಿನ ವರ್ಷವೆಂದರೆ ಅದಾದ ಎಷ್ಟೋ ವರ್ಷಗಳ ನಂತರದ್ದೂ ಆಗಿರಬಹುದು. ಆದುದರಿಂದ ವರ್ಷದ ಅಂಕಣವನ್ನು ಖಾಲಿ ಬಿಟ್ಟು, ಆ ವಾಕ್ಯವನ್ನು ಇದ್ದಂತೆಯೇ ಉಳಿಸಿದೆನು. ಖಾಲಿ ಅಂಕಣವು ಸುಳ್ಳು ಅಂಕಿಗಿಂತ ಗೌರವಾರ್ಹವಾದುದು.

ಜಮೀನಿನ ವಿವರಗಳದು ಇನ್ನೊಂದು ಬಗೆ. ಮುಳುಗಡೆಗೆ ಮುಂಚಿನ ಕೈಬರಹದ ಪಹಣಿ, ಖಾತೆಯ ಕಾಗದ, ಕಂದಾಯದ ರಸೀದಿಗಳನ್ನು ಟ್ರಂಕಿನಲ್ಲಿ ಜತನವಾಗಿಟ್ಟುಕೊಂಡಿದ್ದ ಮನೆಗಳು ಕೆಲವಿದ್ದುವು. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದುವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ನೀರಿನ ಕೆಳಗೆ ಸೇರಿಹೋದ ಗದ್ದೆಯನ್ನು ನಮ್ಮ ತಾತ ಉತ್ತಿದ್ದನೆಂದು ಸಾರುವ ಸಾಕ್ಷಿ ಆ ಹಳೆಯ ಕಾಗದಗಳೇ. ಅವುಗಳನ್ನು ನೋಡಿ ಮಕ್ಕಳು ಎಕ್ಸೆಲ್ ಹಾಳೆಯಲ್ಲಿ 3-10 ಎಂದು ಬರೆಯುವರು. ಮೂರು ಎಕರೆ ಹತ್ತು ಗುಂಟೆ ಎಂದು ಅದರ ಅರ್ಥ. ಹಾಳೆಯು ಅದನ್ನು ಅಕ್ಟೋಬರ್ ತಿಂಗಳ 3ನೆಯ ದಿನವೆಂದು ತಿಳಿದು ಬದಲಿಸುವುದು. ಸರ್ವೆ ನಂಬರು 12, ಹಿಸ್ಸೆ 3 ಎಂಬುದನ್ನು 12/3 ಎಂದು ಬರೆದರೆ ಅದೂ ಮಾರ್ಚ್ ತಿಂಗಳ ಒಂದು ದಿನವಾಗುವುದು. ಚುಕ್ಕಿಯಿಟ್ಟು 3.10 ಎಂದರೆ ಕೊನೆಯ ಸೊನ್ನೆ ಲೋಪವಾಗಿ 3.1 ಉಳಿಯುವುದು, ಅದು ಒಂದು ಗುಂಟೆಯೋ ಹತ್ತು ಗುಂಟೆಯೋ ಎಂದು ಮುಂದಿನವರು ಸಂದೇಹಪಡಬೇಕಾಗುವುದು. ದಶಮಾಂಶಕ್ಕೆ ತಿರುಗಿಸಿ ಬರೆದವರ ಹಾಳೆಯಲ್ಲಾದರೆ ಅದೇ ಜಮೀನು 3.25 ಎಕರೆ, ಏಕೆಂದರೆ 40 ಗುಂಟೆಗೆ ಒಂದು ಎಕರೆ. ಒಂದೇ ಗದ್ದೆಯು ಮೂರು ಹಾಳೆಗಳಲ್ಲಿ ಮೂರು ವೇಷ ತಾಳಿ ಬಂದದ್ದನ್ನು ನಾನು ಕಂಡಿದ್ದೇನೆ. ಎಕರೆಗೊಂದು, ಗುಂಟೆಗೊಂದು ಅಂಕಣವನ್ನು ಮಾಡಿ, ಸರ್ವೆ ನಂಬರಿನ ಅಂಕಣವನ್ನು ಬರೆಯುವುದಕ್ಕೆ ಮೊದಲೇ ಪಠ್ಯವೆಂದು ನಿಗದಿಪಡಿಸಿ ಕಳುಹಿಸಿದ ಮೇಲೆ ಈ ಗೊಂದಲ ನಿಂತಿತು. ಪರಿಹಾರವಾಗಿ ಬಂದ ಹಣವನ್ನೂ ಬರೆದಿಡಬೇಕೆಂದು ಕೆಲವರು ಒತ್ತಾಯಪಡಿಸಿದರು, ನಾನು ಒಪ್ಪಲಿಲ್ಲ. ಯಾರಿಗೆಷ್ಟು ಬಂತೆಂಬುದು ಒಂದು ಮನೆಯ ಒಳಗಿನ ವಿಷಯ. ಎಲ್ಲರ ಕೈಗೂ ಹೋಗುವ ಪಟ್ಟಿಯಲ್ಲಿ ಅದು ಇರತಕ್ಕದ್ದಲ್ಲ ಎಂದೇ ಇಂದಿಗೂ ನನ್ನ ಅಭಿಪ್ರಾಯ.

ಅಕ್ಷರದ ತೊಡಕನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾಸನದ ಕಡೆಯಿಂದ ಬಂದ ಹಾಳೆಗಳು ಬಹುಮಟ್ಟಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿಯೂ, ಕೆಲವು 'ಬರಹ' ಎಂಬ ತಂತ್ರಾಂಶದಲ್ಲಿಯೂ ಇದ್ದುವು. ಅಂದಿನ ಆ ಫಾಂಟುಗಳಲ್ಲಿ ಕನ್ನಡವು ಕಣ್ಣಿಗೆ ಮಾತ್ರ ಕನ್ನಡ. ಒಳಗಿನ ಸಂಕೇತಗಳು ಇಂಗ್ಲಿಷಿನ ಅಕ್ಷರಗಳವು. ಯೂನಿಕೋಡಿಗೆ ಪರಿವರ್ತಿಸದೆ ಡೇಟಾಬೇಸಿಗೆ ತಂದರೆ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಮಾಲೆಯಾಗುತ್ತಿದ್ದುವು. ಪರಿವರ್ತಿಸಿದ ಮೇಲೆಯೂ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡುವುದು ಅನಿವಾರ್ಯವಾಗಿತ್ತು.

ಇಷ್ಟೆಲ್ಲವೂ ನೇರವಾಗಿ ಮುಖ್ಯ ಕೋಷ್ಟಕಕ್ಕೆ ಹೋಗುತ್ತಿರಲಿಲ್ಲ. ಬೆಳೆಯನ್ನು ಕಣದಲ್ಲಿ ಒಕ್ಕಿ ತೂರಿದ ಬಳಿಕವೇ ಕಣಜಕ್ಕೆ ತುಂಬುವಂತೆ, ಬಂದ ದತ್ತಾಂಶವನ್ನು ಮೊದಲು ತಾತ್ಕಾಲಿಕವಾದೊಂದು ಕೋಷ್ಟಕಕ್ಕೆ ಇಳಿಸಿ, ಪರಿಶೀಲಿಸಿ, ಅನಂತರ ಅಪೆಂಡ್ ಕ್ವೆರಿಯಿಂದ ಮುಖ್ಯ ಕೋಷ್ಟಕಕ್ಕೆ ಸೇರಿಸುವುದು ಪದ್ಧತಿ. ಪ್ರತಿ ಸಾಲಿನ ಜೊತೆಗೂ ಕಳುಹಿಸಿದವರು ಯಾರು, ಎಂದು ಬಂದಿತು, ಯಾವ ಫೈಲಿನಿಂದ ಎಂಬುದನ್ನು ಬರೆದಿಡುತ್ತಿದ್ದೆನು. ಮೂಲ ಹಾಳೆಯನ್ನು ಬಂದ ರೂಪದಲ್ಲಿಯೇ, ಒಂದಕ್ಷರವನ್ನೂ ತಿದ್ದದೆ, ಬೇರೆಯಾಗಿ ಇಟ್ಟುಕೊಳ್ಳುತ್ತಿದ್ದೆನು. ಪ್ರತಿ ಮನೆಗೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಎಂದಿಗೂ ಬದಲಿಸುವಂತಿಲ್ಲ, ಒಂದು ಮನೆಯನ್ನು ತೆಗೆದುಹಾಕಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಈ ನಿಯಮವನ್ನು ಹಾಕಿಕೊಳ್ಳುವಾಗ ನನ್ನ ಮನಸ್ಸಿನಲ್ಲಿದ್ದವರು ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಹೊರತಂದ ಆ ವಿದ್ವಾಂಸರು, ಹಳ್ಳಿ ಹಳ್ಳಿಗಳಿಂದ ಬಂದ ಪ್ರತಿಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆಯನ್ನು ಕೊಟ್ಟರು. ಬೇಲೂರಿನ ಇಷ್ಟನೆಯದು, ಅರಕಲಗೂಡಿನ ಇಷ್ಟನೆಯದು ಎಂದು ಹೇಳಿದರೆ ಶಾಸನವನ್ನು ಗುರುತಿಸಲು ಇಂದಿಗೂ ಸಾಧ್ಯವಾಗಿರುವುದು ಆ ಶಿಸ್ತಿನ ಫಲ. ಕಂಪ್ಯೂಟರನ್ನು ಕಾಣದ ಕಾಲದಲ್ಲಿ ನಮ್ಮ ಜಿಲ್ಲೆಯ ಕಲ್ಲುಗಳಿಗೆ ದೊರೆತ ಈ ಉಪಚಾರವು ನಮ್ಮ ಜನರಿಗೂ ದೊರೆಯಬೇಕೆಂಬುದು ನನ್ನ ಆಸೆಯಾಗಿತ್ತು.

ಎಲ್ಲಕ್ಕಿಂತ ಹೆಚ್ಚಿನ ತಾಳ್ಮೆಯನ್ನು ಬೇಡಿದ್ದು ಹೆಸರುಗಳು. ಒಬ್ಬನೇ ಮನುಷ್ಯನನ್ನು ಕುರಿತು ಮೂವರು ಬಂಧುಗಳು ಮೂರು ಕಡೆಗಳಿಂದ ಬರೆದಾಗ, ಜ್ಞಾನಸ್ನಾನದ ಪ್ರತಿಯನ್ನು ನೋಡಿ ಬರೆದವರ ಹಾಳೆಯಲ್ಲಿ ಅವನು ಪೆತ್ರುಸ್, ಊರಿನವರ ಪತ್ರದಲ್ಲಿ ರಾಯಪ್ಪ, ಮೊಮ್ಮಗನ ಇಮೇಲಿನಲ್ಲಿ ಪೀಟರ್. ಹಾಗೆಯೇ ಚಿನ್ನಪ್ಪನೂ ಪೌಲನೂ ಒಬ್ಬನೇ, ಅರುಳಪ್ಪನೂ ಜಾನನೂ ಒಬ್ಬನೇ, ಇನ್ನಾಸಪ್ಪನೂ ಇಗ್ನೇಷಿಯಸನೂ ಒಬ್ಬನೇ ಆಗಿರಬಹುದು. ಸಮಾನವಾದ ಸಾಲುಗಳನ್ನು ಹುಡುಕಿಕೊಡುವ ಕ್ವೆರಿಯೊಂದು ಅಕ್ಸೆಸ್‌ನಲ್ಲಿ ಇದೆಯಾದರೂ, ಅಕ್ಷರಗಳು ಕೂಡದ ಕಡೆ ಅದು ನಿರುಪಾಯ. ಹೀಗಾಗಿ ಯಾವ ಹೆಸರು ಯಾವ ಹೆಸರಿಗೆ ಸಮವೆಂದು ಹೇಳುವ ಪುಟ್ಟ ಕೋಷ್ಟಕವೊಂದನ್ನು ಹಿರಿಯರ ಸಹಾಯದಿಂದ ಸಿದ್ಧಪಡಿಸಿ, ಅದರ ಮೂಲಕ ಹೊಂದಿಸಿ ನೋಡುತ್ತಿದ್ದೆನು. ಆದರೆ ಹೊಂದಿತೆಂದ ಮಾತ್ರಕ್ಕೆ ಎರಡು ಸಾಲುಗಳನ್ನು ಕೂಡಿಸಿಬಿಡುತ್ತಿರಲಿಲ್ಲ. ಒಂದೇ ಓಣಿಯಲ್ಲಿ ಇಬ್ಬರು ರಾಯಪ್ಪಂದಿರು ಇರಲಾರರೇ? ಸಂಬಂಧಪಟ್ಟ ಮನೆಯವರನ್ನು ಕೇಳಿ, ಅವರು ಹೌದೆಂದ ಮೇಲೆಯೇ ಕೂಡಿಸುವುದು. ಹಾಗೆ ಕೇಳಲೆಂದು ಒಮ್ಮೆ ನನ್ನ ಸೋದರತ್ತೆಯ ಬಳಿಗೆ ಅಚ್ಚು ಹಾಕಿದ ಹಾಳೆಗಳನ್ನು ಕೊಂಡೊಯ್ದೆನು. ಕನ್ನಡಕವನ್ನು ಸರಿಮಾಡಿಕೊಂಡು, ಬೆರಳಿಟ್ಟು ಒಂದೊಂದೇ ಸಾಲನ್ನು ಓದಿಸಿಕೊಂಡ ಆಕೆ, ತನ್ನ ತಂದೆಯ ಸಾಲು ಬಂದಾಗ ತಡೆದು, "ಪೀಟರು ಅಂತ ಯಾರು ಬರ್ದೋರು? ನಮ್ಮಪ್ಪನ್ನ ಊರೆಲ್ಲ ರಾಯಪ್ಪ ಅಂತಿದ್ದರು. ಹಂಗೇ ಬರ್ಕೋ ಮಗ" ಎಂದಳು. ಕರೆಯುತ್ತಿದ್ದ ಹೆಸರು, ದಾಖಲೆಯ ಹೆಸರು ಎಂದು ಎರಡು ಅಂಕಣಗಳು ಹುಟ್ಟಿದ್ದು ಆ ದಿನ. ಪಟ್ಟಿಯು ಅಚ್ಚಾದಾಗ ಮೊದಲು ನಿಂತದ್ದು ಕರೆಯುತ್ತಿದ್ದ ಹೆಸರು.

ಇಮೇಲಿನಿಂದ ನೇರವಾಗಿ ಸಂಗ್ರಹಿಸುವ ಆ ಸೌಲಭ್ಯವು ಅಕ್ಸೆಸ್ 2010ರವರೆಗೆ ಉಳಿದಿದ್ದು, 2013ರ ಆವೃತ್ತಿಯಲ್ಲಿ ಕೈಬಿಡಲ್ಪಟ್ಟಿತು. ಅಷ್ಟರಲ್ಲಿ ನಮ್ಮ ಕೆಲಸದ ಬಹುಭಾಗ ಮುಗಿದಿತ್ತು. ಒಂದು ತಂತ್ರಾಂಶದ ಆಯುಸ್ಸು ಒಂದು ಊರಿನ ನೆನಪಿಗಿಂತ ಎಷ್ಟೋ ಕಿರಿದೆಂಬುದು ಅದರಿಂದ ನನಗೆ ಮನದಟ್ಟಾಗಿ, ಪಟ್ಟಿಯನ್ನೆಲ್ಲ ಯೂನಿಕೋಡಿನ ಸರಳ ಪಠ್ಯದ ಫೈಲುಗಳಾಗಿಯೂ ತೆಗೆದಿಟ್ಟು, ಕಾಗದದ ಮೇಲೆ ಅಚ್ಚು ಹಾಕಿಸಿ ಕವಲಿಗೊಂದು ಪ್ರತಿಯಂತೆ ಹಂಚಿದೆವು. ಬಂದ ಹಾಳೆಗಳೂ ಪತ್ರಗಳೂ ಮೂಲರೂಪದಲ್ಲಿಯೇ ಇವೆ. ಹೊಸದಾಗಿ ಗೊತ್ತಾದುದನ್ನು ಊರಿನ ಕಿರಿಯರು ಈಗಲೂ ಸೇರಿಸುತ್ತಿದ್ದಾರೆ. ಅವರ ಬಳಿ ನನಗಿಂತ ಉತ್ತಮವಾದ ಉಪಕರಣಗಳಿವೆ.

ಹೇಮಾವತಿಯ ಹಿನ್ನೀರಿನಲ್ಲಿಯೇ ಆಗಲಿ, ಶರಾವತಿಯ ಮುಳುಗಡೆಯಲ್ಲಿಯೇ ಆಗಲಿ, ಊರನ್ನು ಕಳೆದುಕೊಂಡ ಮನೆತನಗಳಲ್ಲಿ ಹುಟ್ಟಿ ಕಂಪ್ಯೂಟರಿನ ಪರಿಚಯವುಳ್ಳ ತರುಣರು ಈ ಬರಹವನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯರು ಮಾತನಾಡಬಲ್ಲವರಾಗಿರುವಾಗಲೇ ಅವರ ಬಳಿ ಕುಳಿತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಹೇಳಿದವರ ಹೆಸರು ಮತ್ತು ಹೇಳಿದ ದಿನದ ಸಹಿತ ಬರೆದುಕೊಳ್ಳಿರಿ. ಅಂಕಣಗಳನ್ನು ಆಮೇಲೆ ಮಾಡಬಹುದು. ಮಾಡಿದ ಮೇಲೆ, ಯಂತ್ರವು ಒಳಗೆ ಬಿಡದ ಸಾಲುಗಳನ್ನು ಓದದೆ ಅಳಿಸಬೇಡಿರಿ.